ಒಂದು ಕಾಂಟೆಸ್ಸಾ ಉಳಿಸೋಕೆ ಇನ್ನೊಂದನ್ನು ಕೊಯ್ಯಬೇಕು: ತುಕ್ಕು ಕಾರಿಗೆ ಗುಜರಿ ಶೀಟ್ ಹಾಕುವ ಲೆಕ್ಕ

(ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಲ ಬಂದ ಪ್ರಶ್ನೆಗಳಲ್ಲಿ ಒಂದು ನನ್ನನ್ನ ಬಿಡಲಿಲ್ಲ. ‘ಅಣ್ಣಾ, ಮನೀ ಹಿಂದ ಅಪ್ಪಾರ ಹಳೇ ಕಾಂಟೆಸ್ಸಾ ನಿಂತೈತಿ. ಪೂರಾ ತುಕ್ಕು. ರೀಲ್ಸ್‌ನಾಗ ತೋರಸ್ತಾರಲ್ಲ, ಹಂಗ ಹೊಸಾದು ಮಾಡಾಕ ಬರ್ತದೇನು?’

ಬರ್ತದೆ. ಆದರೆ ರೀಲ್ಸ್‌ನಲ್ಲಿ ಮೂವತ್ತು ಸೆಕೆಂಡಿನಲ್ಲಿ ಮುಗಿಯೋದು ಪೇಂಟಿಂಗ್ ಮಾತ್ರ. ಅದರ ಹಿಂದಿನ ಕೆಲಸ ಯಾರೂ ತೋರಿಸಲ್ಲ, ಯಾಕಂದ್ರೆ ನೋಡೋಕೆ ಚಂದ ಇರಲ್ಲ. ಇವತ್ತು ಅದನ್ನೇ ಮಾತಾಡೋಣ. ನಮ್ಮ ಮಾಮಾನ ಕಾಂಟೆಸ್ಸಾ ಈಗ ಗೋಕುಲ ರಸ್ತೆ ಕಡೆಯ ಒಂದು ಗ್ಯಾರೇಜಿನಲ್ಲಿ ಸೀಟು, ಕಾರ್ಪೆಟ್, ಬಾಗಿಲು ಎಲ್ಲಾ ಬಿಚ್ಕೊಂಡು ನಿಂತಿದೆ. ಹಾಗಾಗಿ ಈ ವಿಷಯ ನನಗೆ ಬರೀ ಓದಿ ತಿಳಿದದ್ದಲ್ಲ.

ಮೊದಲು ಕಾರಿನ ಜಾತಕ. ಮಸಲ್ ಕಾರ್ ಅಂದ್ರೆ ಅಮೆರಿಕದವರಿಗೆ 1964ರ ಪಾಂಟಿಯಾಕ್ ಜಿಟಿಒ, ಆಮೇಲೆ ಬಂದ ಕಮಾರೊ, ಮಸ್ಟಾಂಗ್, ದೊಡ್ಡ ವಿ8 ಇಂಜಿನ್. ನಮ್ಮ ದೇಶದಲ್ಲಿ ಆ ಪಟ್ಟ ಸಿಕ್ಕಿದ್ದು ಹಿಂದೂಸ್ತಾನ್ ಕಾಂಟೆಸ್ಸಾಗೆ. ಉದ್ದ ಬಾನೆಟ್, ಅಗಲ ಮೈ, ಹಿಂದಿನ ಚಕ್ರಕ್ಕೆ ಶಕ್ತಿ. ರೂಪ ಹಂಗಿತ್ತು ಅಷ್ಟೇ. 1984ರಲ್ಲಿ ಬಂದಾಗ ಒಳಗಿದ್ದದ್ದು ಅಂಬಾಸಡರ್‌ನ 1,489 ಸಿಸಿ ಇಂಜಿನ್, 50 ಅಶ್ವಶಕ್ತಿಯ ಆಸುಪಾಸು. ಪೈಲ್ವಾನನ ಮೈಗೆ ಗುಮಾಸ್ತನ ಎದೆ! ಆಮೇಲೆ ಇಸುಝು 1.8 ಲೀಟರ್ ಪೆಟ್ರೋಲ್ ಇಂಜಿನ್, ಐದು ಗೇರು ಬಂದ ಮೇಲೆ ಅದು ಹೆಸರಿಗೆ ತಕ್ಕಂತೆ ಓಡಿತು. ಬಾಡಿ ಮಾತ್ರ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ಬಿಟ್ಟ ವಿಕ್ಟರ್ ಕಾರಿನದು. ಅದನ್ನೇ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿತು. 2002ಕ್ಕೆ ಕಾಂಟೆಸ್ಸಾ ನಿಂತಿತು.

ಈ 2002 ಅನ್ನೋ ವರ್ಷ ನೆನಪಿಟ್ಟುಕೊಳ್ಳಿ, ಇವತ್ತಿನ ಮಾತೆಲ್ಲ ಅದರ ಸುತ್ತಾನೇ. ಅಮೆರಿಕದಲ್ಲಿ ಹಳೇ ಮಸ್ಟಾಂಗ್ ತುಕ್ಕು ಹಿಡಿದರೆ ಹೊಸದಾಗಿ ಒತ್ತಿದ ಫೆಂಡರ್, ಫ್ಲೋರ್, ಬಾಗಿಲು ಕೊರಿಯರ್‌ನಲ್ಲಿ ಬರ್ತವೆ. ಬೇಕಂದ್ರೆ ಪೂರ್ತಿ ಬಾಡಿನೇ ಹೊಸದು ಮಾರ್ತಾರೆ. ಕಾಂಟೆಸ್ಸಾಗೆ ಹಾಗೆ ಒತ್ತಿ ಕೊಡೋರು ಇಲ್ಲ. ಹಿಂದಿನ ಚಕ್ರದ ಮೇಲಿನ ಆ ಬಾಗಿದ ಶೀಟ್ ಬೇಕಂದ್ರೆ ಸಿಗೋದು ಇನ್ನೊಂದು ಕಾಂಟೆಸ್ಸಾದಲ್ಲೇ. ಅಂದ್ರೆ ಒಂದು ಉಳಿಯಬೇಕಾದರೆ ಇನ್ನೊಂದನ್ನ ಕೊಯ್ಯಬೇಕು. ಯಾವುದು ಉಳಿಯೋ ಕಾರು, ಯಾವುದು ಕೊಡೋ ಕಾರು ಅನ್ನೋ ತೀರ್ಮಾನ ಮೊದಲೇ ಆಗಬೇಕು. ನಿಮ್ಮ ಅಪ್ಪಾರ ಕಾರು ಎರಡನೇ ಸಾಲಿನಲ್ಲೂ ಇರಬಹುದು. ಬೇಜಾರಾಗಬೇಡಿ, ಆ ಸಾಧ್ಯತೆ ಇಟ್ಟುಕೊಂಡೇ ಕೇಳಿ.

ಈಗ ತುಕ್ಕು. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಉಪ್ಪಿದ್ದರೆ ಕೆಲಸ ಇನ್ನೂ ಜೋರು. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗಿಂತ ಹೆಚ್ಚು ಜಾಗ ಬೇಕು, ಅದಕ್ಕೇ ಬಣ್ಣ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಹೊರಗೆ ಗುಳ್ಳೆ ಕಂಡಿತು ಅಂದ್ರೆ ಬಹಳ ಸಲ ಒಳಗಿನಿಂದ ಶೀಟ್ ತಿಂದಾಗಿದೆ ಅಂತ ಅರ್ಥ. ಕಾರಿನ ಶೀಟ್ ದಪ್ಪ ಎಷ್ಟು ಅಂತೀರಿ? ಹೆಚ್ಚುಕಡಿಮೆ ಒಂದು ಮಿಲಿಮೀಟರ್. ತಿನ್ನೋಕೆ ಅಲ್ಲಿ ಬಹಳ ಏನೂ ಇಲ್ಲ.

ಹುಬ್ಬಳ್ಳಿ ಹವೆ ಒಣ, ಕಾರಿಗೆ ಒಳ್ಳೇದು. ಅರ್ಧ ನಿಜ. ಕಾರವಾರದಲ್ಲಿ ಬೀಳೋ ಮಳೆಯ ಕಾಲು ಭಾಗದಷ್ಟು ಮಾತ್ರ ನಮ್ಮಲ್ಲಿ ಬೀಳುತ್ತದೆ, ಉಪ್ಪುಗಾಳಿ ಇಲ್ಲ. ಆದರೆ ನಮ್ಮಲ್ಲಿ ಎರಿ ಮಣ್ಣು ಐತಲ್ಲ! ಮಳೆಗಾಲದಲ್ಲಿ ಚಕ್ರದ ಗೂಡಿನೊಳಗೆ ಮೆತ್ತಿಕೊಂಡರೆ ಒದ್ದೆ ಅರಿವೆ ಸುತ್ತಿಟ್ಟ ಹಾಗೆ, ಮೇಲೆ ಒಣಗಿದರೂ ಒಳಗೆ ಹಸಿ. ಬಾಗಿಲ ತಳದಲ್ಲಿ ನೀರು ಹೋಗೋಕೆ ಸಣ್ಣ ತೂತುಗಳಿರ್ತವೆ, ಅವೂ ಮಣ್ಣಿನಿಂದ ಕಟ್ಕೊಳ್ತವೆ. ಇನ್ನು ಬ್ಯಾಟರಿ ಕೂರಿಸೋ ತಟ್ಟೆಯನ್ನ ಆ್ಯಸಿಡ್ ತಿನ್ನುತ್ತದೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡೋ ಗುಂಡಿಯಲ್ಲಿ ನೀರು ನಿಲ್ಲುತ್ತದೆ.

ಮಾಮಾನ ಕಾರು ಕರಾವಳಿಯಿಂದ ಕೊಂಡದ್ದು, ಆಮೇಲೆ ವರ್ಷಗಟ್ಟಲೆ ಇಲ್ಲಿ ಹುಣಸಿ ಗಿಡದ ಕೆಳಗೆ ನಿಂತದ್ದು. ಎರಡೂ ಕಡೆಯ ಪ್ರಸಾದ ಸಿಕ್ಕಿದೆ. ನೋಡೋಕೆ ಬಾನೆಟ್ ಫಳಫಳ. ಮೇಸ್ತ್ರಿ ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಫ್ರಿಜ್ ಮ್ಯಾಗ್ನೆಟ್ ತಗೊಂಡು ಬಾಗಿಲ ಕೆಳಗೆ ಇಟ್ಟರು, ಬಿತ್ತು. ಕಬ್ಬಿಣವಿದ್ದ ಕಡೆ ಅಯಸ್ಕಾಂತ ಹಿಡಿಯಬೇಕು, ಪುಟ್ಟಿ ಇದ್ದರೆ ಹಿಡಿಯಲ್ಲ. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಒಳಗೆ ಪುಟ್ಟಿ, ಅದರ ಹಿಂದೆ ಸೊಳ್ಳೆಪರದೆಯಂಥ ಜಾಳಿಗೆ, ಅದರ ಹಿಂದೆ ಏನೂ ಇಲ್ಲ. ಹಿಂದೆ ಯಾರೋ ಮಾಡಿ ಮಾರಿದ ಕೆಲಸ. ನೀವೂ ಈ ಪರೀಕ್ಷೆ ಮನೆಯಲ್ಲೇ ಮಾಡಬಹುದು: ಮ್ಯಾಗ್ನೆಟ್, ಸಣ್ಣ ಸುತ್ತಿಗೆ, ಹಳೇ ಸ್ಕ್ರೂಡ್ರೈವರ್ ಸಾಕು. ಗಟ್ಟಿ ಶೀಟ್ ತಟ್ಟಿದರೆ ಠಣ್ ಅನ್ನುತ್ತದೆ, ಸತ್ತದ್ದು ದಬ್ ಅನ್ನುತ್ತದೆ.

ಆ ಬಾಗಿಲ ಕೆಳಗಿನ ಉದ್ದ ಟೊಳ್ಳು ಪೆಟ್ಟಿಗೆಗೆ ಪುಸ್ತಕದಲ್ಲಿ ಸಿಲ್ ಅಂತಾರೆ, ನಮ್ಮ ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್. ಅದು ಯಾಕೆ ಅಷ್ಟು ಮುಖ್ಯ? ಹಳೇ ಜೀಪಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. ಕಾಂಟೆಸ್ಸಾ, ಅಂಬಾಸಡರ್, ಪದ್ಮಿನಿ ಹಂಗಲ್ಲ. ಅವುಗಳಲ್ಲಿ ಬಾಡಿನೇ ಎಲುಬು. ಫ್ಲೋರ್, ಸಿಲ್, ಬಾಗಿಲ ಕಂಬ, ಎಲ್ಲಾ ಸೇರಿ ಭಾರ ಹೊರುತ್ತವೆ. ಸಿಲ್ ಸತ್ತರೆ ಕಾರು ನಡುವಿನಲ್ಲಿ ಕುಸಿಯುತ್ತದೆ, ಬಾಗಿಲು ಹಾಕೋಕೆ ಬರಲ್ಲ, ಅಪಘಾತವಾದರೆ ಒಳಗಿದ್ದವರನ್ನ ಕಾಯೋ ಪೆಟ್ಟಿಗೆ ಮಡಚಿಕೊಳ್ಳುತ್ತದೆ. ಮಾಮಾಗೆ ಮಗಳ ಮದುವೆಗೆ ಇದೇ ಕಾರು ಬೇಕು. ‘ಈಗ ಪುಟ್ಟಿ ಬಡಿದು ಪೇಂಟ್ ಮಾಡ್ಸೋಣು, ಮದುವಿ ಮುಗಿದ ಮ್ಯಾಲೆ ನೋಡಿದ್ರಾತು’ ಅಂದರು. ಮೇಸ್ತ್ರಿ ಒಪ್ಪಲಿಲ್ಲ, ನನ್ನ ಪ್ರಕಾರ ಸರಿಯಾಗೇ ಒಪ್ಪಲಿಲ್ಲ. ಮದುಮಗಳನ್ನ ಕೂರಿಸಿಕೊಂಡು ಧಾರವಾಡದ ರಸ್ತೆಗೆ ಇಳಿಯೋ ಕಾರು ಅದು.

ಹಾಗಾದರೆ ಗುಜರಿಯಿಂದ ಏನು ತರಬೇಕು, ಏನು ಬೇಡ? ಇಲ್ಲಿ ಬಹಳ ಜನ ದುಡ್ಡು ಕಳ್ಕೋತಾರೆ. ಸಪಾಟಾದ ಭಾಗಕ್ಕೆ, ಅಂದ್ರೆ ಫ್ಲೋರ್‌ನ ತುಂಡು, ಬ್ಯಾಟರಿ ತಟ್ಟೆ, ಇಂಥದ್ದಕ್ಕೆ ಗುಜರಿ ಹುಡುಕೋದು ದಂಡ. ಹೊಸ 20 ಗೇಜ್ ಸಿಆರ್ ಶೀಟ್ ತಂದು ಮಡಚಿ ಹಾಕಿದರೆ ಹಳೇದಕ್ಕಿಂತ ಗಟ್ಟಿ. ಜಿಐ ಶೀಟ್ ಮಾತ್ರ ಬೇಡ. ಅದರ ಮೇಲಿನ ಸತು ವೆಲ್ಡಿಂಗ್‌ನಲ್ಲಿ ಉರಿದು ಹೊಗೆ ಬಂದರೆ, ಕುಡಿದವರಿಗೆ ರಾತ್ರಿ ಜ್ವರ, ಚಳಿ. ಗುಜರಿ ಬೇಕಾಗೋದು ಎರಡು ದಿಕ್ಕಿಗೆ ಬಾಗಿದ ಶೀಟ್‌ಗೆ: ಹಿಂದಿನ ಕ್ವಾರ್ಟರ್, ಚಕ್ರದ ಕಮಾನು, ಬಾಗಿಲು, ಡಿಕ್ಕಿ ಮುಚ್ಚಳ. ಕೈಯಲ್ಲಿ ಬಡಿದು ಆ ಬಾಗು ತರೋ ಟಿಂಕರ್‌ಗಳು ಇದ್ದಾರೆ, ಆದರೆ ಅಂಥವರು ಕಡಿಮೆ ಆಗ್ತಿದ್ದಾರೆ.

ಎಲ್ಲಿ ಸಿಗುತ್ತದೆ? ಮೊದಲು ನಮ್ಮೂರ ಗುಜರಿಗಳನ್ನೇ ಕೇಳಬೇಕು. ಆಮೇಲೆ ಬೆಂಗಳೂರಿನ ಶಿವಾಜಿನಗರ, ಮುಂಬೈನ ಕುರ್ಲಾ, ಚೆನ್ನೈನ ಪುದುಪೇಟೆ. ಹೋಗೋ ಮೊದಲು ವಾಟ್ಸ್ಯಾಪ್‌ನಲ್ಲಿ ಫೋಟೊ ತರಿಸಿ, ಹೊರಗಿನದಲ್ಲ, ಒಳಮೈದು. ಒಣ ನಾಡಿನ ಕಾರಾದರೆ ಮೇಲು. ವಿಜಯಪುರ, ಬಳ್ಳಾರಿ ಕಡೆ ಬಿಸಿಲಿಗೆ ನಿಂತ ಕಾರಿನ ಬಣ್ಣ ಸುಟ್ಟಿರಬಹುದು, ಸೀಟು ಹರಿದಿರಬಹುದು, ಶೀಟ್ ಮಾತ್ರ ಗಟ್ಟಿ ಇರೋ ಸಾಧ್ಯತೆ ಹೆಚ್ಚು. ನಮಗೆ ಬೇಕಾದ್ದು ಅದೇ.

ಕೊಯ್ಯೋ ವಿಷಯದಲ್ಲಿ ಒಂದೇ ಮಾತು: ಬೇಕಾದ್ದಕ್ಕಿಂತ ದೊಡ್ಡದಾಗಿ ಕೊಯ್ಸಿ. ಗುಜರಿಯವರಿಗೆ ಅವಸರ, ಗ್ಯಾಸ್ ಕಟರ್ ಹಿಡಿದು ಗೆರೆಯ ಮೇಲೇ ಎಳೆದುಬಿಡ್ತಾರೆ. ಆ ಬಿಸಿಗೆ ಅಂಚು ಸೊಟ್ಟ ಆಗುತ್ತದೆ. ಸುತ್ತಲೂ ಮೂರ್ನಾಲ್ಕು ಇಂಚು ಬಿಟ್ಟು, ಆದಷ್ಟು ಗ್ರೈಂಡರ್‌ನಲ್ಲಿ ಕೊಯ್ಸಿ. ಕ್ವಾರ್ಟರ್ ಬೇಕಿದ್ದರೆ ಅದಕ್ಕೆ ಅಂಟಿದ ಒಳಗಿನ ಕಮಾನೂ ಸೇರಿಸಿ ತನ್ನಿ. ಕಂಪನಿಯ ಸ್ಪಾಟ್ ವೆಲ್ಡ್‌ಗಳನ್ನ ನಿಧಾನವಾಗಿ ಡ್ರಿಲ್ ಹಾಕಿ ಬಿಡಿಸೋ ಕೆಲಸ ನಿಮ್ಮ ಗ್ಯಾರೇಜಿನಲ್ಲೇ ಆಗಲಿ.

ಈಗ ಕೂರಿಸೋದು. ಪೆಟ್ರೋಲ್ ಟ್ಯಾಂಕ್ ಪೂರ್ತಿ ಹೊರಗೆ ತೆಗೆದು ದೂರ ಇಡಬೇಕು, ಬ್ಯಾಟರಿ ಬಿಚ್ಚಬೇಕು. ಇದಕ್ಕೆ ವಾದ ಬೇಡ. ಆಮೇಲೆ ಕಾರನ್ನ ಸಮತಟ್ಟಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪೈಪ್ ಬೆಸೆಯಬೇಕು. ಹಳೇ ಮನೆಯ ಗೋಡೆ ತೆಗೆಯೋವಾಗ ತೊಲೆಗೆ ಊರೆ ಕೊಡ್ತಾರಲ್ಲ, ಹಂಗೆ. ಊರೆ ಇಲ್ಲದೆ ಸಿಲ್ ಕೊಯ್ದರೆ ಕಾರು ಒಂದೆರಡು ಮಿಲಿಮೀಟರ್ ಕೂತುಬಿಡುತ್ತದೆ. ಆಮೇಲೆ ಹೊಸ ಶೀಟ್ ಬೆಸೆದರೆ ಆ ಸೊಟ್ಟವೇ ಕಾಯಂ. ಒಂದು ಬದಿ ಪೂರ್ತಿ ಮುಗಿಸಿ, ಬಾಗಿಲು ಹಾಕಿ, ಸುತ್ತಲಿನ ಸಂದು ಸಮ ಇದೆಯಾ ನೋಡಿ, ಆಮೇಲೆ ಇನ್ನೊಂದು ಬದಿ. ಎರಡೂ ಕಡೆ ಒಟ್ಟಿಗೆ ಕೊಯ್ಯೋ ಗ್ಯಾರೇಜಿನಿಂದ ಕಾರು ವಾಪಸ್ ತನ್ನಿ ಅಂತೀನಿ ನಾನು.

ವೆಲ್ಡಿಂಗ್ ಸಾಧ್ಯವಾದರೆ ಮಿಗ್‌ನಲ್ಲಿ. ಗ್ಯಾಸ್ ವೆಲ್ಡಿಂಗ್ ಬಿಸಿ ಅಗಲಕ್ಕೆ ಹರಡುತ್ತದೆ, ತೆಳು ಶೀಟ್ ಹಪ್ಪಳದ ಹಾಗೆ ಏಳುತ್ತದೆ. ಮಿಗ್‌ನಲ್ಲೂ ಒಂದೇ ಗೆರೆ ಎಳೆಯೋಹಾಗಿಲ್ಲ. ಇಲ್ಲೊಂದು ಸೆಂಟಿಮೀಟರ್, ಆ ತುದಿಗೊಂದು, ನಡುವೆ ಒಂದು, ತಣ್ಣಗಾಗೋಕೆ ಬಿಟ್ಟು ಮತ್ತೆ. ನೋಡ್ತಾ ಕೂತರೆ ಬೇಸರ ಬರೋ ಕೆಲಸ ಇದು, ಕೂಲಿಯ ದೊಡ್ಡ ಪಾಲು ಹೋಗೋದೂ ಇಲ್ಲೇ. ಕಾಣೋ ಜಾಗದಲ್ಲಿ ಅಂಚಿಗೆ ಅಂಚು ಕೂಡಿಸಿದರೆ ಮೇಲು. ಒಂದರ ಮೇಲೊಂದು ಹೇರಿದರೆ ನಡುವಿನ ಸಂದಿನಲ್ಲಿ ನೀರು ಕೂತು ತುಕ್ಕು ಅಲ್ಲಿಂದಲೇ ಮತ್ತೆ ಶುರು.

ಆಮೇಲೆ ಪ್ರೈಮರ್, ಜೋಡಣೆಗೆ ಸೀಲರ್, ಮತ್ತೆ ಬಹಳ ಜನ ಮರೆಯೋದು: ಸಿಲ್‌ನ ಟೊಳ್ಳಿನೊಳಗೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ. ವೆಲ್ಡಿಂಗ್‌ನಿಂದ ಒಳಮೈಯ ಬಣ್ಣ ಸುಟ್ಟಿರುತ್ತದೆ, ಅಲ್ಲಿಗೆ ಬ್ರಶ್ ಹೋಗಲ್ಲ. ಅಂಗಡಿಯಲ್ಲಿ ಸಿಗೋ ರಸ್ಟ್ ಕನ್ವರ್ಟರ್ ಬಗ್ಗೆಯೂ ಕೇಳಿದ್ದೀರಿ. ಅದರಲ್ಲಿರೋ ಫಾಸ್ಫರಿಕ್ ಆ್ಯಸಿಡ್ ಮೇಲ್ಮೈ ತುಕ್ಕನ್ನ ಗಟ್ಟಿ ಪದರ ಮಾಡುತ್ತದೆ. ತೂತು ಬಿದ್ದ ಕಡೆ ಹಚ್ಚಿದರೆ ತೂತಿಗೆ ಬಣ್ಣ ಹಚ್ಚಿದ ಹಾಗೆ.

ಕಾಗದಪತ್ರದ ಮಾತು ಬೇಗ ಮುಗಿಸ್ತೀನಿ, ಆದರೆ ಸ್ಕಿಪ್ ಮಾಡಬೇಡಿ. ಗುಜರಿಯಿಂದ ಶೀಟ್ ತರೋದು ತಪ್ಪಲ್ಲ. ಚಾಸಿ ನಂಬರ್ ಇರೋ ತುಂಡನ್ನ ಇನ್ನೊಂದು ಕಾರಿನಿಂದ ಕೊಯ್ದು ತಂದು ಬೆಸೆಯೋದು ಅಪರಾಧ. ಅಲ್ಲಿಗೆ ನಿಮ್ಮ ಕಾರು ಕಾನೂನಿನ ಕಣ್ಣಲ್ಲಿ ಬೇರೆ ಕಾರು. ತುಕ್ಕು ಆ ನಂಬರಿನ ಜಾಗಕ್ಕೇ ಮುಟ್ಟಿದ್ದರೆ ಗ್ರೈಂಡರ್ ಹಚ್ಚೋ ಮೊದಲು ಆರ್‌ಟಿಒಗೆ ಹೋಗಿ. ಗುಜರಿಯವರಿಂದ ಬಿಲ್ ತಗೊಳ್ಳಿ, ಕೊಟ್ಟ ಕಾರಿನ ಆರ್‌ಸಿ ರದ್ದಾಗಿದೆಯಾ ಕೇಳಿ.

ದೆಹಲಿಯ ಹಾಗೆ 15 ವರ್ಷಕ್ಕೆ ಪೆಟ್ರೋಲ್ ಕಾರು ನಿಲ್ಲಿಸೋ ನಿಯಮ ನಮ್ಮಲ್ಲಿಲ್ಲ. ಕೆಎ 25 ಇರಲಿ, ಕೆಎ 63 ಇರಲಿ, 15 ವರ್ಷದ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ವಿಂಟೇಜ್ ಅಂತ ನೋಂದಾಯಿಸಬಹುದಾ ಅಂತ ಮಾಮಾ ಕೇಳಿದರು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು. ಎಲ್ಲಕ್ಕಿಂತ ಮೊದಲ ಕಾಂಟೆಸ್ಸಾಗೂ ಅದು 2034ರಲ್ಲಿ. ಜೊತೆಗೆ ಚಾಸಿ, ಬಾಡಿ, ಇಂಜಿನ್ ಬದಲಾಯಿಸಿರಬಾರದು ಅನ್ನುತ್ತದೆ ಆ ನಿಯಮ. ಹಾಗಾಗಿ ಕೆಲಸದ ಪ್ರತಿ ಹಂತದ ಫೋಟೊ ತಾರೀಖಿನ ಸಮೇತ ಇಟ್ಟುಕೊಳ್ಳಿ: ಹಳೇ ಶೀಟ್, ತಂದ ಶೀಟ್, ಬೆಸೆದ ಶೀಟ್. ಮೂಲ ಆಕಾರಕ್ಕೇ ತಂದಿದ್ದೀವಿ ಅಂತ ಮುಂದೆ ತೋರಿಸೋಕೆ ನಿಮ್ಮ ಹತ್ರ ಇರೋದು ಅದೊಂದೇ.

ಮಾಮಾನ ಕಾರಿನ ಬಲಗಡೆ ಸಿಲ್ ಮುಗಿದಿದೆ, ಬಾಗಿಲು ಒಂದೇ ಬೆರಳಿಗೆ ಮುಚ್ಚುತ್ತದೆ. ಎಡಗಡೆ ಇನ್ನೂ ಪೈಪಿನ ಊರೆ ಮೇಲಿದೆ. ಮದುವೆಗೆ ಸಿಗೋದು ಅನುಮಾನ, ಬೇರೆ ಕಾರು ಬುಕ್ ಮಾಡಿದ್ದಾರೆ. ಕೊಟ್ಟ ಕಾರಿನಲ್ಲಿ ನಮಗೆ ಬೇಡವಾದ ಎರಡು ಬಾಗಿಲು, ಹಿಂದಿನ ಗಾಜು ಗ್ಯಾರೇಜಿನ ಗೋಡೆಗೆ ಒರಗಿ ನಿಂತಿವೆ. ಮನೆ ಹಿಂದೆ ಕಾಂಟೆಸ್ಸಾ ಇಟ್ಟುಕೊಂಡು ಪ್ರಶ್ನೆ ಕಳಿಸಿದ ತಮ್ಮಾ, ಮೊದಲು ಮ್ಯಾಗ್ನೆಟ್ ತಗೊಂಡು ಸಿಲ್ ನೋಡು. ಗಟ್ಟಿ ಇದ್ದರೆ ಮೆಸೇಜ್ ಮಾಡು, ಆ ಬಾಗಿಲು ನಿನಗೇ ಇಡಿಸ್ತೀನಿ.