‘ಯಾರೂ ಬೇಡ’ ಎಂಬ ಮತ

ರಾಜಕೀಯದಲ್ಲಿ ನಾನು ಸಂಪ್ರದಾಯಸ್ಥ. ಮತದಾನವೆಂದರೆ ಕಣದಲ್ಲಿ ಇರುವವರೊಳಗೆ ಒಬ್ಬರನ್ನು ಆರಿಸುವ ಹೊಣೆ. ‘ಯಾರೂ ಬೇಡ’ ಅಂತ ಗುಂಡಿ ಒತ್ತಿ ಬರೋದು ಆ ಹೊಣೆಯಿಂದ ಜಾರಿಕೊಂಡ ಹಾಗೆ ಎಂಬುದು ನನ್ನ ವಾದ. ಆದರೂ ಪುಣೆಯ ಮತದಾರನಾಗಿ ಇದಕ್ಕೆ ಒಂದು ವಿನಾಯಿತಿ ಕೊಡುತ್ತೇನೆ. ಯಾಕೆಂದು ಹೇಳುತ್ತೇನೆ, ಕೇಳಿ.

ಮತ ಹಾಕುವ ಹಕ್ಕು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಇಲ್ಲ; ಅದಕ್ಕೆ ಆಧಾರ ಸಂವಿಧಾನದ 326ನೆಯ ವಿಧಿ ಮತ್ತು 1951ರ ಪ್ರಜಾಪ್ರತಿನಿಧಿ ಕಾಯಿದೆ. 2013ಕ್ಕೆ ಮುಂಚೆ, ಯಾರನ್ನೂ ಒಪ್ಪದವನು ಮತಗಟ್ಟೆಯ ಅಧಿಕಾರಿಗೆ ಹಾಗಂತ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಬೇಕಿತ್ತು. ಗುಟ್ಟು ಅಲ್ಲೇ ರಟ್ಟು! 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು, ಮತದ ಮೂಲಕ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ತಿಳಿಸುವುದು 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು, ನಿರಾಕರಿಸುವವನ ಗುಟ್ಟೂ ಉಳಿಯಬೇಕು ಎಂದಿತು. ಹೀಗೆ ‘ನೋಟಾ’ ಗುಂಡಿ ಬಂತು.

ಆದರೆ ಲೋಕಸಭೆ, ವಿಧಾನಸಭೆಗಳಲ್ಲಿ ಅದು ಹಲ್ಲು ಕಿತ್ತ ಹಾವು. ನೋಟಾಕ್ಕೆ ಸಾವಿರ ಮತ ಬಿದ್ದು, ಅಭ್ಯರ್ಥಿಗಳಲ್ಲಿ ಮುಂದಿರುವವನಿಗೆ ನೂರೇ ಬಿದ್ದರೂ ಆ ನೂರರವನೇ ಗೆದ್ದ!

ಪುಣೆ ಮಹಾನಗರಪಾಲಿಕೆಯ ಮಾತು ಬೇರೆ. ಸ್ಥಳೀಯ ಸಂಸ್ಥೆಗಳಲ್ಲಿ ನೋಟಾಕ್ಕೇ ಎಲ್ಲರಿಗಿಂತ ಹೆಚ್ಚು ಮತ ಬಂದರೆ ಆ ಸ್ಥಾನಕ್ಕೆ ಮರುಚುನಾವಣೆ ಆಗಬೇಕೆಂದು ಮಹಾರಾಷ್ಟ್ರದ ರಾಜ್ಯ ಚುನಾವಣಾ ಆಯೋಗ 2018ರ ನವೆಂಬರಿನಲ್ಲಿ ಆದೇಶಿಸಿತು.

ಆದ್ದರಿಂದ ನನ್ನ ಲೆಕ್ಕ ಇಷ್ಟು: ಲೋಕಸಭೆಗೆ, ವಿಧಾನಸಭೆಗೆ ಇದ್ದವರಲ್ಲಿ ವಾಸಿ ಎನಿಸಿದವರಿಗೆ ಮತ. ಪಾಲಿಕೆಗೆ ಯಾರೂ ಯೋಗ್ಯರಲ್ಲ ಅನ್ನಿಸಿದರೆ ಧೈರ್ಯವಾಗಿ ನೋಟಾ. ಅಲ್ಲಿ ಅದು ಹೊಣೆಯಿಂದ ಜಾರುವುದಲ್ಲ, ಪಕ್ಷಗಳಿಗೆ ‘ಬೇರೆಯವರನ್ನು ತನ್ನಿ’ ಅಂತ ಹೇಳುವುದು. ಮೊದಲ ಸಲ ಮತ ಹಾಕುವ ಗೆಳೆಯರೇ, ಗುಂಡಿ ಒತ್ತುವ ಮುಂಚೆ ಇದು ಯಾವ ಚುನಾವಣೆ ಅಂತ ಒಮ್ಮೆ ಯೋಚಿಸಿ.