ಹೊಸ ಶ್ವಾಸಕೋಶ ಮನೆಗೆ ಬಂದ ಮೇಲೆ

"ಕಿಡ್ನಿ ಬದಲಾಯಿಸುವುದನ್ನು ಕೇಳಿದ್ದೇವೆ. ಈಗ ಶ್ವಾಸಕೋಶವನ್ನೂ ಬದಲಾಯಿಸುತ್ತಾರಂತಲ್ಲ, ನಿಜವೇ ಆಪಾ?" ಕೊರೋನಾ ಬಂದು ಹೋದಂದಿನಿಂದ ಕೃಷ್ಣರಾಜನಗರದಲ್ಲಿ ನಮ್ಮ ಮಕ್ಕಳ ತಾಯಂದಿರು ನನ್ನನ್ನು ಹಲವು ಸಲ ಕೇಳಿದ ಪ್ರಶ್ನೆ ಇದು. ನಿಜ. 2020ರ ಆಗಸ್ಟ್‌ನಲ್ಲಿ ಚೆನ್ನೈಯ ಆಸ್ಪತ್ರೆಯೊಂದರಲ್ಲಿ, ಕೊರೋನಾದಿಂದ ಎರಡೂ ಶ್ವಾಸಕೋಶಗಳು ಹಾಳಾಗಿದ್ದ ರೋಗಿಯೊಬ್ಬರಿಗೆ ಬೇರೆ ಶ್ವಾಸಕೋಶಗಳನ್ನು ಜೋಡಿಸಲಾಯಿತು. ಬೆಂಗಳೂರಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

ಆಮೇಲೆ ಬರುವ ಪ್ರಶ್ನೆ ಎಷ್ಟು ಖರ್ಚು ಎಂಬುದು. ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ ಎಂದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತದೆ. ಇಲ್ಲವೇ ಗದ್ದೆ ಮಾರುವ, ಒಡವೆ ಅಡವಿಡುವ ಲೆಕ್ಕಾಚಾರ ಶುರುವಾಗುತ್ತದೆ. ರೋಗಿ ಮನೆಗೆ ಬಂದ ಮೇಲೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಗದ್ದೆ ಮಾರುವ ಮುಂಚೆ ಕೇಳಬೇಕಾದ ಪ್ರಶ್ನೆ ಅದೇ. ಏಕೆಂದರೆ ಈ ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದು ನಮ್ಮ ಮನೆಯೊಳಗೆ, ಬಹುತೇಕ ಹೆಂಗಸರ ಕೈಯಲ್ಲಿ.

ಹದಿನೆಂಟು ದಿನಗಳಿಂದ ಆರು ವರ್ಷಕ್ಕೆ

ಮನುಷ್ಯನಿಗೆ ಮೊದಲ ಬಾರಿಗೆ ಶ್ವಾಸಕೋಶ ಕಸಿ ಮಾಡಿದ್ದು 1963ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ. ಮಾಡಿದವರು ಡಾ. ಜೇಮ್ಸ್ ಹಾರ್ಡಿ. ಆ ರೋಗಿ ಬದುಕಿದ್ದು 18 ದಿನ ಮಾತ್ರ. ಮುಂದಿನ ಇಪ್ಪತ್ತು ವರ್ಷ ಬೇರೆ ಬೇರೆ ದೇಶಗಳ ವೈದ್ಯರು ಪ್ರಯತ್ನಿಸುತ್ತಲೇ ಇದ್ದರು. ಒಬ್ಬರ ಹಿಂದೊಬ್ಬರು ರೋಗಿಗಳು ತೀರಿಕೊಳ್ಳುತ್ತಿದ್ದರು. ಹಳೆಯ ಶ್ವಾಸನಾಳಕ್ಕೆ ಹೊಸ ಶ್ವಾಸಕೋಶವನ್ನು ಹೊಲಿದ ಜಾಗವೇ ಒಣಗದೆ ಬಿಟ್ಟುಕೊಳ್ಳುತ್ತಿತ್ತು. 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡಾ. ಜೋಯಲ್ ಕೂಪರ್ ಅವರ ತಂಡ ಆ ಹೊಲಿಗೆಯ ಸುತ್ತ ರೋಗಿಯದೇ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ತಂದು ಸುತ್ತಿತು. ಅದರಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಗಾಯ ಮಾಯಿತು. ಅದೇ ಹೊತ್ತಿಗೆ ಸೈಕ್ಲೋಸ್ಪೋರಿನ್ ಎಂಬ ಔಷಧಿಯೂ ಬಂದಿತ್ತು. ಆ ರೋಗಿ ಆರು ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದರು.

ಈಗಿನ ಸ್ಥಿತಿ? ವಿವಿಧ ದೇಶಗಳ ಕಸಿ ಕೇಂದ್ರಗಳ ದಾಖಲೆಗಳನ್ನು ಒಟ್ಟುಗೂಡಿಸುವ ಅಂತಾರಾಷ್ಟ್ರೀಯ ಸಂಘವೊಂದಿದೆ. ಅದರ ಲೆಕ್ಕದ ಪ್ರಕಾರ 2010ರಿಂದ 2017ರ ನಡುವೆ ಕಸಿ ಮಾಡಿಸಿಕೊಂಡ ವಯಸ್ಕರಲ್ಲಿ ಅರ್ಧದಷ್ಟು ಮಂದಿ 6.7 ವರ್ಷ ದಾಟಿ ಬದುಕಿದ್ದಾರೆ. ಉಳಿದ ಅರ್ಧ ಮಂದಿ ಅದಕ್ಕಿಂತ ಮೊದಲೇ ತೀರಿಕೊಂಡಿದ್ದಾರೆ. ಮೊದಲ ವರ್ಷವನ್ನು ದಾಟಿದವರಿಗೆ ಮುಂದೆ ಹೆಚ್ಚು ಕಾಲ ಬದುಕುವ ಸಾಧ್ಯತೆ ಇದೆ. ಆಯುಷ್ಯ ಅಲ್ಲಾಹನ ಕೈಯಲ್ಲಿದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ವೈದ್ಯರು ಹೇಳುವ ಈ ಅಂಕಿಯನ್ನು ಕುಟುಂಬದವರು ಮೊದಲೇ ಕೇಳಿ ತಿಳಿದುಕೊಂಡಿರಬೇಕು. ಆಮ್ಲಜನಕದ ನಳಿಕೆಯಿಲ್ಲದೆ ಹತ್ತು ಹೆಜ್ಜೆಯೂ ನಡೆಯಲಾಗದೆ, ಒಂದೆರಡು ವರ್ಷವೂ ಬದುಕುವುದು ಕಷ್ಟ ಎಂಬ ಹಂತದಲ್ಲಿರುವವರಿಗೆ ಆರೇಳು ವರ್ಷ ಸಣ್ಣದಲ್ಲ. ಇನ್ನೂ ಔಷಧಿಯಲ್ಲೇ ಸುಧಾರಿಸಬಹುದಾದವರಿಗೆ ಈ ಶಸ್ತ್ರಚಿಕಿತ್ಸೆ ಲಾಭಕ್ಕಿಂತ ನಷ್ಟವನ್ನೇ ತರಬಹುದು.

ಗಾಳಿಗೆ ಬಾಗಿಲು ತೆರೆದಿರುವ ಅಂಗ

ಕಿಡ್ನಿ, ಲಿವರ್, ಹೃದಯ ಇವೆಲ್ಲ ದೇಹದೊಳಗೆ ಮುಚ್ಚಿಕೊಂಡಿರುವ ಅಂಗಗಳು. ಶ್ವಾಸಕೋಶಕ್ಕೆ ಆ ರಕ್ಷಣೆ ಇಲ್ಲ. ಬೀದಿಯ ಧೂಳು, ಒಲೆಯ ಹೊಗೆ, ಎದುರಿಗೆ ಕೂತವರ ಸೀನು ಎಲ್ಲವೂ ನೇರವಾಗಿ ಅದರೊಳಗೆ ಹೋಗುತ್ತವೆ. ಅದಕ್ಕೇ ಬೇರೆ ಅಂಗಗಳಿಗಿಂತ ಶ್ವಾಸಕೋಶದ ಕಸಿಯಲ್ಲಿ ತೊಡಕು ಹೆಚ್ಚು.

ಮೊದಲ ಮೂರು ದಿನಗಳಲ್ಲಿ ಹೊಸ ಶ್ವಾಸಕೋಶದೊಳಗೆ ನೀರು ತುಂಬಿದಂತಾಗಿ ಅದು ಕೆಲಸ ಮಾಡದೆ ಹೋಗಬಹುದು. ಆಗ ರೋಗಿ ವೆಂಟಿಲೇಟರ್‌ನಲ್ಲಿ ಇನ್ನಷ್ಟು ದಿನ ಇರಬೇಕಾಗುತ್ತದೆ. ಅದನ್ನು ದಾಟಿದರೆ ಮೊದಲ ವರ್ಷ ಸೋಂಕಿನ ಭಯ. ದೇಹ ಹೊಸ ಅಂಗವನ್ನು ಪರಕೀಯವೆಂದು ತಿಳಿದು ಅದರ ಮೇಲೆ ದಾಳಿ ಮಾಡದಂತೆ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್‌ನಂತಹ ಮಾತ್ರೆಗಳನ್ನು ಬದುಕಿರುವವರೆಗೂ ನುಂಗಬೇಕು. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಕಾವಲುಗಾರನನ್ನು ಮಲಗಿಸಿ ಅತಿಥಿಯನ್ನು ಒಳಗೆ ಕರೆದ ಹಾಗೆ. ಅತಿಥಿಯ ಜೊತೆ ಕಳ್ಳರೂ ನುಗ್ಗುತ್ತಾರೆ. ನಮಗೆ ನಿಮಗೆ ಏನೂ ಮಾಡದ ಬೂಷ್ಟು ಅವರ ಎದೆಯೊಳಗೆ ಬೆಳೆಯುತ್ತದೆ. ಎಂದೋ ದೇಹದೊಳಗೆ ಸೇರಿ ಮಲಗಿದ್ದ ಕ್ಷಯ ಎದ್ದು ಕೂರಬಹುದು. ಹಾಗಾಗಿ ನಮ್ಮ ದೇಶದಲ್ಲಿ ಕಸಿಗೆ ಮೊದಲು ಕ್ಷಯದ ಪರೀಕ್ಷೆಯನ್ನು ವೈದ್ಯರು ಬಿಡುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ನಿಧಾನವಾಗಿ ಬರುವ ತಿರಸ್ಕಾರ. ಹೊಸ ಶ್ವಾಸಕೋಶದ ಸಣ್ಣ ನಾಳಗಳು ವರ್ಷಗಳು ಕಳೆದಂತೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಇದನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಬೇಗ ಗೊತ್ತಾದರೆ ಅದರ ವೇಗವನ್ನು ತಗ್ಗಿಸಲು ನೋಡುತ್ತಾರೆ, ಅಷ್ಟೆ. ಇದರ ಜೊತೆಗೆ ಮಾತ್ರೆಗಳಿಂದಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತ, ಕಿಡ್ನಿಯ ದೌರ್ಬಲ್ಯ ಬರುವುದುಂಟು. ಕೆಲವು ಬಗೆಯ ಕ್ಯಾನ್ಸರ್‌ನ ಸಾಧ್ಯತೆಯೂ ಹೆಚ್ಚುತ್ತದೆ. ಒಂದು ಕಾಯಿಲೆಯನ್ನು ಕೊಟ್ಟು ಇನ್ನೊಂದನ್ನು ಪಡೆದಂತೆ ಎಂದು ಕೆಲವರು ಬೇಸರಪಡುತ್ತಾರೆ. ಪಡೆದ ಕಾಯಿಲೆಯೊಂದಿಗೆ ಮಕ್ಕಳ ಮದುವೆ ನೋಡಲು ಸಾಧ್ಯವಾದರೆ ಆ ವಿನಿಮಯ ಲಾಭದ್ದೇ ಎಂದು ನನಗನಿಸುತ್ತದೆ.

ಮನೆಯಾಕೆಯ ಕೆಲಸ

ಶಸ್ತ್ರಚಿಕಿತ್ಸೆಯ ನಂತರ ಕೆಲವು ತಿಂಗಳು ಆಸ್ಪತ್ರೆಯ ಹತ್ತಿರವೇ ಮನೆ ಮಾಡಿಕೊಂಡಿರಬೇಕಾಗುತ್ತದೆ. ಕೆ.ಆರ್. ನಗರದಿಂದ ಬೆಂಗಳೂರಿಗೆ ದಿನ ಬಿಟ್ಟು ದಿನ ಓಡಾಡುವುದು ಆಗದ ಮಾತು. ಜೊತೆಗೆ ಒಬ್ಬರು ಇರಲೇಬೇಕು. ಆ ಬಾಡಿಗೆ, ಆ ಒಬ್ಬರ ನಿಂತುಹೋದ ದುಡಿಮೆ, ಮುಂದೆ ಪ್ರತಿ ತಿಂಗಳ ಮಾತ್ರೆಯ ಖರ್ಚು ಇವನ್ನೆಲ್ಲ ಮೊದಲೇ ಲೆಕ್ಕ ಹಾಕಬೇಕು. ಬಡ ಕುಟುಂಬಗಳ ಅಂಗಾಂಗ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಮೂಲಕ ರಾಜ್ಯ ಸರಕಾರದ ನೆರವಿನ ಯೋಜನೆ ಇದೆ. ಯಾವ ಅಂಗಕ್ಕೆ ಎಷ್ಟು ಎಂಬುದನ್ನು ಆಸ್ಪತ್ರೆಯ ಕಸಿ ಸಂಯೋಜಕರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಮನೆಗೆ ಬಂದ ಮೇಲೆ ಮಾತ್ರೆ ಗಡಿಯಾರ ನೋಡಿಕೊಂಡೇ ಆಗಬೇಕು. ಟ್ಯಾಕ್ರೋಲಿಮಸ್‌ನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡುತ್ತಾರೆ. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ತಿರಸ್ಕಾರ, ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ಈ ಪ್ರಮಾಣ ನೋಡುವ ರಕ್ತಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ನಂತರವೇ ನುಂಗಬೇಕು. ಮೊದಲೇ ನುಂಗಿ ಹೋದರೆ ಲೆಕ್ಕ ತಪ್ಪುತ್ತದೆ, ವೈದ್ಯರು ಡೋಸ್ ತಪ್ಪಾಗಿ ಇಳಿಸುವ ಸಂಭವವಿದೆ.

ಚಕ್ಕೋತ ಹಣ್ಣಿನ ವಿಷಯ ತಿಳಿದಾಗ ನನಗೂ ಆಶ್ಚರ್ಯವಾಯಿತು. ರೋಗಿಯನ್ನು ನೋಡಲು ಬರುವವರು ಹಣ್ಣು ತರುವುದು ನಮ್ಮಲ್ಲಿ ವಾಡಿಕೆ. ಚಕ್ಕೋತವಂತೂ ನಮ್ಮ ನಾಡಿನದೇ ಹಣ್ಣು. ಆದರೆ ಅದು ಟ್ಯಾಕ್ರೋಲಿಮಸ್ ಕರುಳಿನಲ್ಲಿ ಒಡೆಯುವುದನ್ನು ತಡೆದು, ರಕ್ತದಲ್ಲಿ ಔಷಧಿಯ ಪ್ರಮಾಣವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಬೆನ್ನು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ತರುವ ನೋವಿನ ಗುಳಿಗೆಯೂ ಕಿಡ್ನಿಗೆ ಕೆಟ್ಟದ್ದು. ಇನ್ನು ಅಮೃತಬಳ್ಳಿ, ಕಲೌಂಜಿ, ಕಷಾಯ. "ಶಕ್ತಿ ಬರುತ್ತದೆ, ಕುಡಿಸಿ" ಎಂದು ಹೇಳುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ರೋಗನಿರೋಧಕ ಶಕ್ತಿ ಹೆಚ್ಚಾಗುವುದೇ ಈ ರೋಗಿಗೆ ಅಪಾಯ ಎಂಬುದನ್ನು ಅವರಿಗೆ ಗೌರವದಿಂದಲೇ ತಿಳಿಹೇಳಬೇಕು. ಕಲೌಂಜಿಯ ಬಗ್ಗೆ ಹದೀಸ್‌ನಲ್ಲಿ ಬಂದಿದೆಯಲ್ಲ ಎಂದು ಕೇಳುವವರಿಗೆ, ಚಿಕಿತ್ಸೆ ಪಡೆಯಿರಿ ಎಂದೂ ಪ್ರವಾದಿಯವರು (ಸ) ಆದೇಶಿಸಿದ್ದಾರೆ ಎಂಬುದನ್ನು ನೆನಪಿಸಿ. ವೈದ್ಯರಿಗೆ ಹೇಳದೆ ಏನನ್ನೂ ಕೊಡದಿರುವುದೇ ಸರಿ.

ಮನೆಯಲ್ಲಿ ಸಣ್ಣ ಊದುವ ಯಂತ್ರವೊಂದನ್ನು ಇಟ್ಟುಕೊಂಡು, ವೈದ್ಯರು ಹೇಳಿದಂತೆ ರೋಗಿ ಅದರಲ್ಲಿ ಊದಿ ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಅಂಕಿ ಹತ್ತನೇ ಒಂದು ಭಾಗದಷ್ಟು ಇಳಿದು ಹಾಗೇ ಉಳಿದರೆ ಅಂದೇ ಆಸ್ಪತ್ರೆಗೆ ಫೋನ್ ಮಾಡಬೇಕು. ರೋಗಿಗೆ ಇನ್ನೂ ಉಬ್ಬಸ ಗೊತ್ತಾಗುವ ಮೊದಲೇ ಈ ಅಂಕಿ ಹೇಳಿಬಿಡುತ್ತದೆ. ಶಾಲೆಗೆ ಹೋಗುವ ಹೆಣ್ಣುಮಗಳೊಬ್ಬಳಿದ್ದರೆ ಈ ಪುಸ್ತಕವನ್ನು ಅವಳಿಗೆ ವಹಿಸಿ. ಮಕ್ಕಳು ಇಂಥ ಕೆಲಸವನ್ನು ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಗೋಡೆಯ ಪಸೆ, ಬೂಷ್ಟು ಹಿಡಿದ ಹುಲ್ಲು, ಕೋಳಿಗೂಡು, ಪಾರಿವಾಳ ಇವುಗಳಿಂದ ರೋಗಿ ದೂರವಿರಬೇಕು. ಮೊಹಲ್ಲಾಗಳಲ್ಲಿ ಮಹಡಿಯ ಮೇಲೆ ಪಾರಿವಾಳ ಸಾಕುವ ಹುಡುಗರಿಗೆ ಈ ಮಾತು ರುಚಿಸುವುದಿಲ್ಲ. ಶ್ವಾಸಕೋಶ ನಾರುಗಟ್ಟುವ ಕಾಯಿಲೆಗಳ ಬಗ್ಗೆ ನಮ್ಮ ದೇಶದ ಹಲವು ಆಸ್ಪತ್ರೆಗಳ 1,084 ರೋಗಿಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಗಿದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕಾಯಿಲೆ, ಹಕ್ಕಿಗಳ ಹಿಕ್ಕೆ, ಬೂಷ್ಟು, ಕೂಲರ್‌ನ ಕೊಳೆ ಇಂಥವನ್ನು ಉಸಿರಾಡಿ ಬರುವ ಬಗೆಯದಾಗಿತ್ತು. ಕಸಿಯವರೆಗೆ ಹೋಗುವವರಲ್ಲಿ ಇಂಥ ಕಾಯಿಲೆಯವರೂ ಇದ್ದಾರೆ.

ಅಯಾದತ್ ಮತ್ತು ರಮಝಾನ್

ರೋಗಿಯನ್ನು ಸಂದರ್ಶಿಸುವುದು ಪುಣ್ಯದ ಕೆಲಸ. ಆದರೆ ಹದಿನೈದು ಮಂದಿ ಒಟ್ಟಿಗೆ ಬಂದು, ಕೈಕುಲುಕಿ, ಅಪ್ಪಿಕೊಂಡು, ಹಾಸಿಗೆಯ ಅಂಚಿನಲ್ಲಿ ಕುಳಿತು ದುಆ ಮಾಡುವುದು ಈ ರೋಗಿಗೆ ಉಪಕಾರವಲ್ಲ. ಬಾಗಿಲಲ್ಲೇ ನಿಂತು ಸಲಾಮ್ ಹೇಳಿ ಹೋಗಬಹುದು, ಫೋನ್‌ನಲ್ಲಿ ವಿಚಾರಿಸಬಹುದು. ಬಂದವರನ್ನು ಬಾಗಿಲಲ್ಲೇ ತಡೆದು ಸೊಕ್ಕಿನವಳು ಎನ್ನಿಸಿಕೊಳ್ಳುವ ಪಾಡು ಸೊಸೆಯದು. ಈ ಮಾತನ್ನು ಅತ್ತೆ ಅಥವಾ ಮನೆಯ ಹಿರಿಯರೇ ಹೇಳಿದರೆ ಆಕೆಗೆ ಆ ನಿಂದೆ ತಪ್ಪುತ್ತದೆ.

ರಮಝಾನ್ ಬಂದಾಗ ಇನ್ನೊಂದು ಸಂಕಟ. ನಮ್ಮ ಕಡೆ ಉಪವಾಸದ ಅವಧಿ ಹದಿಮೂರು ಗಂಟೆಯ ಆಸುಪಾಸು ಇರುತ್ತದೆ, ಮಾತ್ರೆಯೋ 12 ಗಂಟೆಗೊಮ್ಮೆ. ನೀರು ಕಡಿಮೆಯಾದರೆ ಕಿಡ್ನಿಗೂ ತೊಂದರೆ. ಕುರ್‌ಆನ್‌ನ ಅಲ್ ಬಕರಾ ಅಧ್ಯಾಯದಲ್ಲಿ ರೋಗಿಗೆ ಸ್ಪಷ್ಟ ರಿಯಾಯಿತಿ ಇದೆ. ಗುಣವಾಗುವ ನಿರೀಕ್ಷೆಯಿಲ್ಲದವರಿಗೆ ಫಿದ್ಯಾ ಇದೆ. ರಿಯಾಯಿತಿ ಕೊಟ್ಟವನೇ ಉಪವಾಸವನ್ನೂ ವಿಧಿಸಿದ್ದಾನೆ. ಮನೆಯವರೆಲ್ಲ ಸಹರಿಗೆ ಏಳುವಾಗ ತಾನೊಬ್ಬ ಮಲಗಿದ್ದೇನೆಂದು ರೋಗಿ ಕಣ್ಣೀರು ಹಾಕಿದರೆ, ಅವರ ಪಾಲಿನ ಫಿದ್ಯಾವನ್ನು ಅವರ ಕೈಯಿಂದಲೇ ಕೊಡಿಸಿ.

ದಾನದ ಪ್ರಶ್ನೆಯನ್ನೂ ಬಿಡುವಂತಿಲ್ಲ. ಈ ಶ್ವಾಸಕೋಶಗಳು ಬರುವುದು ಸಾಮಾನ್ಯವಾಗಿ ಮಿದುಳು ಸತ್ತವರಿಂದ. ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಖಚಿತಪಡಿಸಬೇಕೆಂದು ಕಾನೂನಿದೆ. ನಮ್ಮ ರಾಜ್ಯದಲ್ಲಿ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಎಂಬ ಸರಕಾರಿ ಸಂಸ್ಥೆ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲಿ ಷರತ್ತುಗಳೊಂದಿಗೆ ಅಂಗಾಂಗ ಕಸಿಯನ್ನು ಅನುಮತಿಸಿತು. ಭಾರತದ ಉಲಮಾಗಳಲ್ಲಿ ಮರಣಾನಂತರದ ದಾನದ ಬಗ್ಗೆ ಭಿನ್ನಾಭಿಪ್ರಾಯವಿದೆ. ಪಡೆಯುವ ಸರತಿಯಲ್ಲಿ ನಿಲ್ಲುವ ನಾವು ಕೊಡುವ ವಿಷಯವನ್ನು ಚರ್ಚಿಸಲೂ ಹಿಂಜರಿಯುವುದು ನನಗೆ ಸರಿ ಕಾಣುವುದಿಲ್ಲ.

ಸರತಿಯಲ್ಲಿ ಹೆಂಗಸರೆಲ್ಲಿ?

1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ 29 ಸಾವಿರಕ್ಕೂ ಹೆಚ್ಚು ಪುರುಷರಿಗಾದವು. ಮಹಿಳೆಯರ ಪಾಲು ಏಳು ಸಾವಿರಕ್ಕಿಂತ ಕಡಿಮೆ. ಐವರಲ್ಲಿ ಒಬ್ಬಳು. ಇದು ಎಲ್ಲ ಅಂಗಗಳೂ ಸೇರಿದ ಲೆಕ್ಕ. ಗಂಡಿನ ಕೆಮ್ಮಿಗೆ ಮೈಸೂರಿನ ಡಾಕ್ಟರು, ಹೆಣ್ಣಿನ ಕೆಮ್ಮಿಗೆ ಶುಂಠಿ ಕಷಾಯ ಎಂಬ ಮನೆಗಳಿಂದಲೇ ಈ ಲೆಕ್ಕ ಶುರುವಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಹೊಗೆಸೊಪ್ಪಿನ ಸೀಮೆ. ಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್‌ಗಳಿಗೆ ಹಗಲು ರಾತ್ರಿ ಸೌದೆ ಉರಿಯುತ್ತದೆ. ಸೊಪ್ಪು ಕಟ್ಟುವ ಹೆಂಗಸರು ಮನೆಗೆ ಬಂದು ಮತ್ತೆ ಸೌದೆ ಒಲೆಯ ಮುಂದೆ ಕೂರುತ್ತಾರೆ. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಮತ್ತು ನಂಜನಗೂಡು ತಾಲೂಕಿನ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಇರುತ್ತೀರಿ, ಎಷ್ಟು ವರ್ಷದಿಂದ ಇದ್ದೀರಿ, ಇವೆರಡನ್ನು ಗುಣಿಸಿ. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ ಎಂಬುದು ಅವರ ಶೋಧನೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಸೌದೆ ಒಲೆ ಉರಿಸಿದವಳಿಗೆ ಅಲ್ಲಿಗೆ 60 ಆಯಿತು. ಹದಿನಾರಕ್ಕೆ ಒಲೆ ಹಿಡಿದವಳಿಗೆ ಆಗ ಇನ್ನೂ ಮೂವತ್ತಾರು ವರ್ಷ.

ನಿಮ್ಮ ತಾಯಿಯ, ಅತ್ತೆಯ, ನಿಮ್ಮದೇ ಲೆಕ್ಕ ಹಾಕಿ ನೋಡಿ. ಅರವತ್ತು ದಾಟಿದ್ದು, ವರ್ಷದಲ್ಲಿ ಮೂರು ತಿಂಗಳು ಕಫದ ಕೆಮ್ಮಿದ್ದರೆ, ಮಹಡಿ ಹತ್ತುವಾಗ ಉಸಿರು ಕಟ್ಟುತ್ತಿದ್ದರೆ ಮೈಸೂರಿಗೆ ಹೋಗಿ ಎದೆರೋಗದ ವೈದ್ಯರಲ್ಲಿ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಮಾಡಿಸಿ. ಸೂಜಿಯಿಲ್ಲ, ನೋವಿಲ್ಲ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ.