ಹೊಗೆಗೂ ವಯಸ್ಸಾಗುತ್ತದೆ

1997ರ ಫೆಬ್ರುವರಿ 23ರಂದು ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಆಮ್ಲಜನಕ ಉತ್ಪಾದಿಸುವ ಉಪಕರಣಕ್ಕೆ ಬೆಂಕಿ ಹತ್ತಿತು. ದಟ್ಟ ಹೊಗೆಯಲ್ಲಿ ಆರೂ ಗಗನಯಾತ್ರಿಗಳು ಉಸಿರಾಟದ ಮುಖವಾಡ ತೊಡಬೇಕಾಯಿತು. ಕಿಟಕಿ ತೆರೆದು ಹೊಗೆ ಹೊರಹಾಕಲು ಅಲ್ಲಿ ದಾರಿಯಿಲ್ಲ. ಇಂಥ ಕಡೆ ಬೆಂಕಿಯನ್ನು ಹುಟ್ಟುವಾಗಲೇ ಹಿಡಿಯಬೇಕು.

ಭೂಮಿಯ ಮೇಲೆ ಬಿಸಿ ಹೊಗೆ ಮೇಲೇರುತ್ತದೆ; ಪತ್ತೆಯಂತ್ರವನ್ನು ಚಾವಣಿಗೆ ತೂಗಿದರಾಯಿತು. ಕಕ್ಷೆಯಲ್ಲಿ ಮೇಲು ಕೆಳಗೆಂಬುದೇ ಇಲ್ಲ. ಗಾಳಿ ಬೀಸದಿದ್ದರೆ ಹೊಗೆ ಹುಟ್ಟಿದಲ್ಲೇ ಸುಳಿದಾಡುತ್ತದೆ. ಕಣಗಳು ಡಿಕ್ಕಿಯಾಗಿ, ಅಂಟಿಕೊಂಡು ದಪ್ಪವಾಗುತ್ತವೆ. ಈ ಕೂಡುವಿಕೆಯ ಲೆಕ್ಕವನ್ನು ಪೋಲೆಂಡಿನ ಭೌತವಿಜ್ಞಾನಿ ಸ್ಮೊಲುಕೋವ್‌ಸ್ಕಿ 1916ರಷ್ಟು ಹಿಂದೆಯೇ ಕೊಟ್ಟಿದ್ದರು. ಘನ ಸೆಂಟಿಮೀಟರಿಗೆ ಹತ್ತು ಕೋಟಿ ಕಣಗಳಿದ್ದರೆ ಅವು ಅರ್ಧಕ್ಕಿಳಿಯಲು ಸುಮಾರು 20 ಸೆಕೆಂಡು ಸಾಕು; ಹತ್ತು ಲಕ್ಷವಿದ್ದರೆ ಅರ್ಧ ಗಂಟೆ ಬೇಕು. ತೂಕ ಮಾತ್ರ ಹಾಗೇ ಉಳಿಯುತ್ತದೆ.

ತೂಕ ಅಷ್ಟೇ ಇದ್ದರೂ ಯಂತ್ರಕ್ಕೆ ಕಾಣುವ ಹೊಗೆ ಬೇರೆಯಾಗುತ್ತದೆ. ತೀರ ಸಣ್ಣ ಎಂಟು ಹನಿಗಳು ಸೇರಿ ಒಂದಾದರೆ ವ್ಯಾಸ ಎರಡು ಪಟ್ಟಾಗುತ್ತದೆ, ಅಷ್ಟೇ. ಆದರೆ ಆ ಒಂದು ಹನಿ ಚದುರಿಸುವ ಬೆಳಕು ಹಿಂದಿನ ಒಂದು ಹನಿಗಿಂತ 64 ಪಟ್ಟು! ಬೆಳಕನ್ನು ನಂಬಿದ ಪತ್ತೆಯಂತ್ರಕ್ಕೆ ಹಳೆಯ ಹೊಗೆ ಚೆನ್ನಾಗಿ ಕಾಣುತ್ತದೆ. ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳನ್ನು, ನಂಬಿದ್ದಕ್ಕೆ ಸಣ್ಣ ಕಣಗಳ ಎಳೆ ಹೊಗೆಯೇ ಸುಲಭ. ಅಮೆರಿಕದ ಸ್ಪೇಸ್ ಶಟಲ್‌ನಲ್ಲಿದ್ದದ್ದು ಅಯಾನು ಬಗೆ, ಅಂತರರಾಷ್ಟ್ರೀಯ ನಿಲ್ದಾಣದಲ್ಲಿರುವುದು ಬೆಳಕಿನ ಬಗೆ.

ಯಾವುದು ಸರಿ ಎಂದು ತಿಳಿಯಲು ನಾಸಾ 2007ರಲ್ಲಿ ನಿಲ್ದಾಣದೊಳಗೇ 'ಸೇಮ್' ಎಂಬ ಪ್ರಯೋಗ ನಡೆಸಿತು. ಟೆಫ್ಲಾನ್, ಕ್ಯಾಪ್ಟಾನ್, ಸಿಲಿಕೋನ್ ರಬ್ಬರ್, ದೀಪದ ಬತ್ತಿ ಮುಂತಾದವುಗಳ ಚೂರುಗಳನ್ನು ಕಾಯಿಸಿ, ಬಂದ ಹೊಗೆಯನ್ನು ಮುಚ್ಚಿದ ಕೋಣೆಯಲ್ಲಿ ಕೂಡಿಟ್ಟು, ವಯಸ್ಸಾಗಲು ಬಿಟ್ಟು ಅಳೆದರು. ನನಗೆ ಬಹಳ ಮೆಚ್ಚುಗೆಯಾದದ್ದು ಅಳೆದ ರೀತಿ. ಒಂದು ಉಪಕರಣ ಕಣಗಳನ್ನು ಎಣಿಸಿತು, ಇನ್ನೊಂದು ಅವುಗಳ ಒಟ್ಟು ವ್ಯಾಸಕ್ಕೆ ಸ್ಪಂದಿಸಿತು, ಮತ್ತೊಂದು ತೂಕ ಹೇಳಿತು. ಈ ಮೂರು ಸಂಖ್ಯೆಗಳಿಂದಲೇ ಕಣಗಳ ಸರಾಸರಿ ಗಾತ್ರ, ಗಾತ್ರಗಳ ಹರಹು ಎರಡನ್ನೂ ಲೆಕ್ಕಹಾಕಬಹುದು. ಹಿಡಿದಿಟ್ಟ ಕಣಗಳನ್ನು ಭೂಮಿಗೆ ತಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಯೂ ನೋಡಿದರು. ವಸ್ತುವಿನಿಂದ ವಸ್ತುವಿಗೆ ಗಾತ್ರ ಬೇರೆ, ಹೊತ್ತು ಕಳೆದಂತೆ ಮತ್ತೂ ಬೇರೆ.

ಹಾಗಾಗಿ ಅಪ್ಪಟ ಹೊಸ ಹೊಗೆಯಲ್ಲಷ್ಟೇ ಪರೀಕ್ಷಿಸಿದ ಪತ್ತೆಯಂತ್ರವನ್ನು ನಂಬುವುದು ಅಪಾಯ. ಮನೆಯ ಮಟ್ಟಿಗೂ ಇದು ನಿಜ: ಹಾಸಿಗೆ, ಸೋಫಾ ಒಳಗೊಳಗೇ ಹೊಗೆಯಾಡುವಾಗ ಬರುವ ದಪ್ಪ ಕಣಗಳನ್ನು ಬೆಳಕಿನ ಬಗೆಯೇ ಬೇಗ ಹಿಡಿಯುತ್ತದೆ. ಕೊಳ್ಳುವ ಮುನ್ನ ಪತ್ತೆಯಂತ್ರ ಯಾವ ಬಗೆಯದೆಂದು ದಯವಿಟ್ಟು ಕೇಳಿ ತಿಳಿದುಕೊಳ್ಳಿ.